ಒಂದು ಬಕೆಟ್ ತುಂಬುವ ಹೊತ್ತು

2 ಆಗಸ್ಟ್ 2004, ಸೋಮವಾರ

ಬಿಸಿನೀರಿನ ನಲ್ಲಿಯಲ್ಲಿ ಬಕೆಟ್ ತುಂಬಲು ಒಂಬತ್ತು ನಿಮಿಷ ಹತ್ತು ಸೆಕೆಂಡ್. ತಣ್ಣೀರಿನ ನಲ್ಲಿಯಲ್ಲಿ ಎರಡು ನಿಮಿಷ ಐದು ಸೆಕೆಂಡ್. ಬಕೆಟ್ ಒಂದೇ, ಹದಿನೈದು ಲೀಟರಿನದು. ಅಳೆದದ್ದು ಕಾಲೇಜಿನ ಲ್ಯಾಬಿನ ಸ್ಟಾಪ್‌ವಾಚಿನಲ್ಲಿ.

ಮುಂದೆ ಯಾರಾದರೂ ಕೇಳಿದರೆ ಕೈಯಲ್ಲಿ ಅಂಕಿ ಇರಬೇಕು. ಆದ್ದರಿಂದ ಇಂದಿನಿಂದ ಬರೆದಿಡುತ್ತೇನೆ. ಸಂದರ್ಭವೂ ತಿಳಿಯಬೇಕಾದದ್ದರಿಂದ ಒಂದು ಸಲ ಅದನ್ನೂ ಬರೆಯುತ್ತೇನೆ.

ಚನ್ನರಾಯಪಟ್ಟಣದ ಈ ಮನೆ ಅಪ್ಪ ಕಟ್ಟಿಸಿದ್ದು. ಕೆಳಗೆ ನಾನು, ದಾಕ್ಷಾಯಣಿ, ಐವತ್ತೊಂದು ವರ್ಷ, ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ, ಮದುವೆಯಾಗಿಲ್ಲ. ಮಹಡಿಯಲ್ಲಿ ತಮ್ಮ ಪಂಚಾಕ್ಷರಿಯ ಹೆಂಡತಿ ಪಾರ್ವತಿ. ಮಕ್ಕಳಿಲ್ಲ. ಬ್ಲೌಸು ಹೊಲಿದುಕೊಡುತ್ತಾಳೆ. ತಮ್ಮ ಹೃದಯಾಘಾತದಿಂದ ತೀರಿಕೊಂಡು ಹದಿನೆಂಟು ತಿಂಗಳಾಯಿತು. ಅವನ ಶಿವಗಣಾರಾಧನೆಯ ದಿನ ಪಾರ್ವತಿ ನನ್ನನ್ನು ಒಂದು ಮಾತೂ ಕೇಳದೆ ಅಮ್ಮನ ತಾಮ್ರದ ಹಂಡೆಯನ್ನು ಮಠದ ದಾಸೋಹಕ್ಕೆ ಕೊಟ್ಟುಬಿಟ್ಟಳು. ‘ಅದು ನಿನ್ನ ತವರಿಂದ ಬಂದದ್ದಲ್ಲ’ ಎಂದೆ, ನೆಂಟರ ಎದುರಿಗೇ. ಅಂದಿನಿಂದ ಮಾತಿಲ್ಲ.

ತಾರಸಿಯ ಮೇಲೆ ಸೋಲಾರ್ ವಾಟರ್ ಹೀಟರ್ ಇದೆ, ತಮ್ಮ 1999ರಲ್ಲಿ ಹಾಕಿಸಿದ್ದು. ಎರಡೂ ಮನೆಗೆ ಅದೇ. ಕೆಳಗೆ ಬರುವ ಬಿಸಿನೀರಿನ ಪೈಪಿನ ವಾಲ್ವ್ ಅವಳ ಬಚ್ಚಲಿನ ಹೊರಗೋಡೆಯಲ್ಲಿದೆ. ತಣ್ಣೀರು ಸರಿಯಾಗಿ ಬರುತ್ತಿದ್ದು ಬಿಸಿನೀರು ಮಾತ್ರ ದಾರದಷ್ಟು ಬರುತ್ತದೆಂದರೆ ವಾಲ್ವ್ ಯಾರ ಕೈಯಲ್ಲಿದೆ ಎಂದು ನೋಡಬೇಕು. ಇಷ್ಟೇ ಬರೆಯುತ್ತೇನೆ. ಉಳಿದದ್ದನ್ನು ಅಂಕಿ ಹೇಳುತ್ತದೆ.

5 ಆಗಸ್ಟ್, ಗುರುವಾರ

ಒಂಬತ್ತು ನಿಮಿಷ ಹದಿನೈದು ಸೆಕೆಂಡ್.

11 ಆಗಸ್ಟ್, ಬುಧವಾರ

ಒಂಬತ್ತು ನಿಮಿಷ ಮೂವತ್ತು ಸೆಕೆಂಡ್. ಅಂದರೆ ವಾಲ್ವನ್ನು ಒಂದೇ ಸಲ ತಿರುಗಿಸಿಲ್ಲ, ದಿನವೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಿದ್ದಾಳೆ. ಅಷ್ಟು ತಾಳ್ಮೆ ಅವಳಿಗಿದೆ. ಹೊಲಿಗೆಯವರಿಗೆ ಇರುತ್ತದೆ.

ಮಾತಿಲ್ಲದಿದ್ದರೂ ದಿನಪತ್ರಿಕೆ ಮಾತ್ರ ಎರಡೂ ಮನೆಗೆ ಒಂದೇ. ನಾನು ಓದಿ ಕಾಲೇಜಿಗೆ ಹೊರಡುವಾಗ ಮೆಟ್ಟಿಲ ಮೂರನೆಯ ಹಂತದಲ್ಲಿ ಇಡುತ್ತೇನೆ. ಸಂಜೆ ಬರುವ ಹೊತ್ತಿಗೆ ಮಡಿಸಿದ ಹಾಗೇ ಅಲ್ಲೇ ಇರುತ್ತದೆ, ಓದಿಯಾಗಿರುತ್ತದೆ. ತಮ್ಮನಿದ್ದಾಗಿನಿಂದ ನಡೆದುಬಂದದ್ದು. ನಿಲ್ಲಿಸಲು ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು, ಹೇಳಲಿಲ್ಲ.

29 ಆಗಸ್ಟ್, ಭಾನುವಾರ

ಒಂಬತ್ತು ಐವತ್ತು. ಬಕೆಟ್ ತುಂಬುವವರೆಗೆ ಬಚ್ಚಲಲ್ಲಿ ಸ್ಟೂಲ್ ಹಾಕಿಕೊಂಡು ಪತ್ರಿಕೆಯ ಮೊದಲ ಪುಟ ಪೂರ್ತಿ ಓದಿದೆ. ಇವತ್ತು ಇಡೀ ದಿನ ಯಾರೊಂದಿಗೂ ಮಾತನಾಡಲಿಲ್ಲ ಎಂದು ರಾತ್ರಿ ಊಟಕ್ಕೆ ಕೂತಾಗ ಗೊತ್ತಾಯಿತು. ಹಾಲಿನವನಿಗೆ ‘ಅರ್ಧ ಲೀಟರ್’ ಎಂದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ.

ಮೇಲೆ ಮಿಷನ್ ಓಡುತ್ತಿತ್ತು. ಭಾನುವಾರವೂ ಓಡುತ್ತದೆ.

14 ಸೆಪ್ಟೆಂಬರ್, ಮಂಗಳವಾರ

ಸಂಜೆ ಬಂದಾಗ ಪತ್ರಿಕೆ ಮೂರನೆಯ ಮೆಟ್ಟಿಲಲ್ಲಿ ಇಟ್ಟಂತೆಯೇ ಇತ್ತು. ಬೆಳಿಗ್ಗೆ ಕಾಫಿ ಲೋಟದ ಗುರುತು ಬಿದ್ದಿದ್ದ ಪುಟವೇ ಮೇಲಿತ್ತು. ಅವಳು ಮುಟ್ಟಿಲ್ಲ. ಇದು ಹೊಸ ಬಗೆಯ ಜಗಳವಿರಬೇಕು.

15 ಸೆಪ್ಟೆಂಬರ್, ಬುಧವಾರ

ಎರಡು ದಿನದ ಪತ್ರಿಕೆ ಮೆಟ್ಟಿಲ ಮೇಲೆ ಕೂತಿದೆ. ಮಿಷನ್ನಿನ ಸದ್ದೂ ಇಲ್ಲ. ಏಳು ಗಂಟೆಗೆ ಮೇಲೆ ಹೋದೆ. ಹೋಗುವಾಗ ಸ್ಟಾಪ್‌ವಾಚ್ ಕೈಯಲ್ಲೇ ಇತ್ತು, ಬಚ್ಚಲಿಂದ ಎದ್ದು ಹಾಗೇ ಹೋಗಿದ್ದೆ.

ಬಾಗಿಲು ದೂಡಿದರೆ ತೆರೆಯಿತು. ಪಾರ್ವತಿ ಕಂಬಳಿ ಹೊದ್ದು ನೆಲದ ಮೇಲೆ ಮಲಗಿದ್ದಳು. ಹಣೆ ಮುಟ್ಟಿದೆ, ಸುಡುತ್ತಿತ್ತು. ಕಣ್ಣು ತೆರೆದು, ‘ಅಕ್ಕ, ಪೇಪರ್ ತಗಳಕ್ಕೆ ಇಳಿಯಕ್ಕಾಗ್ಲಿಲ್ಲ’ ಎಂದಳು. ಹತ್ತೊಂಬತ್ತು ತಿಂಗಳ ಮೇಲೆ ಆಡಿದ ಮೊದಲ ಮಾತು, ಅದೂ ಪತ್ರಿಕೆಯ ವಿಷಯ.

‘ಪೇಪರ್ ಮನೆ ಹಾಳಾಯ್ತು, ಡಾಕ್ಟರ್ ಹತ್ತಿರ ಯಾಕೆ ಹೋಗಲಿಲ್ಲ?’

‘ಯಾರ ಜೊತೆ ಓಗ್ಲಿ?’

ಆಟೋ ತಂದು ಡಾಕ್ಟರ್ ಬಳಿಗೆ ಕರೆದುಕೊಂಡು ಹೋಗಿ ಬಂದೆ. ವೈರಲ್ ಜ್ವರ, ಮೂರು ದಿನ ಮಾತ್ರೆ. ಮೈ ಒರೆಸಲು ಬಿಸಿನೀರು ಬೇಕಿತ್ತು, ಅವಳ ಬಚ್ಚಲಿನ ನಲ್ಲಿ ತಿರುಗಿಸಿದೆ. ದಾರದಷ್ಟೇ ಬಂತು. ಆಟೋ ತರಲು ಹೋಗುವಾಗ ಅಲ್ಲೇ ಇಟ್ಟಿದ್ದ ಸ್ಟಾಪ್‌ವಾಚ್ ಕಣ್ಣಿಗೆ ಬಿತ್ತು, ಒತ್ತಿದೆ. ಅವಳ ಬಕೆಟ್ಟೂ ನನ್ನದರಷ್ಟೇ ದೊಡ್ಡದು. ಹತ್ತು ನಿಮಿಷ ನಲವತ್ತು ಸೆಕೆಂಡ್.

ನನ್ನದಕ್ಕಿಂತ ಕೆಟ್ಟದು. ಹೊರಗೆ ಬಂದು ವಾಲ್ವ್ ನೋಡಿದೆ. ಪೂರ್ತಿ ತೆರೆದಿತ್ತು. ಅದರ ಹಿಡಿಯ ಮೇಲೆ ಜೇಡರ ಬಲೆ, ಯಾರೂ ತಿಂಗಳಾನುಗಟ್ಟಲೆ ಮುಟ್ಟಿಲ್ಲ.

ಒಂದೂವರೆ ತಿಂಗಳ ಅಂಕಿಗಳು ಸುಳ್ಳಲ್ಲ. ಅವುಗಳಿಂದ ನಾನು ತೆಗೆದ ತೀರ್ಮಾನ ತಪ್ಪು. ವಿದ್ಯಾರ್ಥಿಗಳು ಹೀಗೆ ಮಾಡಿದರೆ ನಾನು ಅಂಕ ಕಳೆಯುತ್ತೇನೆ.

18 ಸೆಪ್ಟೆಂಬರ್, ಶನಿವಾರ

ಪಾರ್ವತಿಗೆ ಜ್ವರ ಬಿಟ್ಟಿದೆ. ಗಂಜಿ, ಸಾರು ಇಲ್ಲಿಂದಲೇ ಹೋಗುತ್ತಿದೆ. ಪಾತ್ರೆ ತೊಳೆದು ಮೂರನೆಯ ಮೆಟ್ಟಿಲಲ್ಲಿ ಇಡುತ್ತಾಳೆ. ಒಳಗೆ ಬಂದು ಕೊಡಬಹುದಿತ್ತು. ನಾನೂ ಬಾ ಎನ್ನಲಿಲ್ಲ.

ನಲ್ಲಿ ರಿಪೇರಿಯ ಪಾಪಯ್ಯನಿಗೆ ಹೇಳಿಕಳಿಸಿದ್ದೇನೆ. ನಾಳೆ ಬರುತ್ತಾನಂತೆ.

19 ಸೆಪ್ಟೆಂಬರ್, ಭಾನುವಾರ

ಪಾಪಯ್ಯ ಹತ್ತು ಗಂಟೆಗೆ ಬಂದ. ತಾರಸಿಗೆ ಹೋಗಿ ಮೊದಲು ನನ್ನನ್ನು ಕೇಳಿದ ಪ್ರಶ್ನೆ: ‘ಫಿಲ್ಟರ್ ಯಾವಾಗ ತೊಳ್ದಿದ್ರಿ ಮೇಡಂ?’

ಫಿಲ್ಟರ್ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಪಾಪಯ್ಯ ತೋರಿಸಿದ. ದೊಡ್ಡ ಕಪ್ಪು ಟ್ಯಾಂಕಿನಿಂದ ತಣ್ಣೀರು ಸೋಲಾರಿಗೆ ಹೋಗುವ ಪೈಪಿನ ನಡುವೆ ಹಿತ್ತಾಳೆಯ ಒಂದು ಗಂಟು, ಅದರೊಳಗೆ ಹೆಬ್ಬೆರಳಿನಷ್ಟು ಉದ್ದದ ಜಾಲರಿಯ ಕೊಳವೆ. ಇಲ್ಲಿ ತಣ್ಣೀರು ಒಳಗೆ ನುಗ್ಗಿದರೆ ತಾನೇ ಅಲ್ಲಿ ಬಿಸಿನೀರು ಹೊರಗೆ ಬರುವುದು. ಒಳದಾರಿ ಕಟ್ಟಿದರೆ ಹೊರದಾರಿಯೂ ಕಟ್ಟಿದಂತೆ. ಕೆಳಗಿನ ಮನೆ ಮೇಲಿನ ಮನೆ ಎಂಬ ಭೇದ ಅದಕ್ಕಿಲ್ಲ. ತಣ್ಣೀರಿನ ನಲ್ಲಿಗೆ ಹೋಗುವ ಪೈಪು ಬೇರೆ, ಅದರಲ್ಲಿ ಜಾಲರಿಯಿಲ್ಲ. ಆದ್ದರಿಂದಲೇ ಅದು ಸರಿಯಾಗಿತ್ತು.

‘ಪಂಚಾಕ್ಷರಪ್ಪೋರು ತಿಂಗಳ ಮೊದಲ್ನೇ ಭಾನ್ವಾರ ತಪ್ಪುಸ್ತಿರ್ಲಿಲ್ಲ. ಅವರು ಓದ್ಮೇಲೆ ಯಾರೂ ಕೈ ಇಟ್ಟಿಲ್ಲ ಅನ್ನಿ’ ಎಂದ ಪಾಪಯ್ಯ, ಸ್ಪ್ಯಾನರ್ ಹಾಕಿ ಮುಚ್ಚಳ ಬಿಚ್ಚಿದ. ಜಾಲರಿಯನ್ನು ಅಂಗೈಗೆ ತಟ್ಟಿದ. ಬಿಳಿ ಸುಣ್ಣದ ಹೊಪ್ಪಳಿಕೆ ಬೀಳುತ್ತದೆಂದು ನಾನು ನೋಡುತ್ತಿದ್ದೆ, ಬೋರ್‌ವೆಲ್ ನೀರು ಗಡಸು. ಅದೂ ಇತ್ತು. ಅದರ ಜೊತೆಗೆ ಹಳದಿ ಗಷ್ಟು, ಊದಿದ ಅಕ್ಕಿಕಾಳು, ಕೊಳೆತ ಸೇವಂತಿಗೆಯ ಎಸಳು.

ಪಾಪಯ್ಯ ಮೂಸಿ ನೋಡಿ, ‘ಇದೇನ್ ಮೇಡಂ, ಸೋಲಾರೋ ಅನ್ನದ ತಪ್ಪಲೆಯೋ? ಇನ್ನೊಂದ್ ತಿಂಗ್ಳು ಬಿಟ್ಟಿದ್ರೆ ಚಿತ್ರಾನ್ನ ಆಗ್ತಿತ್ತು’ ಎಂದ.

ಪಾರ್ವತಿ ತಾರಸಿಯ ಬಾಗಿಲಲ್ಲಿ ನಿಂತಿದ್ದಳು. ‘ಟ್ಯಾಂಕಿನೊಳಗೆ ಅಕ್ಕಿ ಹಾಕಿದವರು ಯಾರು?’ ಎಂದೆ, ತರಗತಿಯ ದನಿಯಲ್ಲೇ.

‘ನಾನೇ ಅಕ್ಕ.’

‘ನಿನಗೇನು ಬುದ್ಧಿ ಇಲ್ಲವಾ?’

‘ನೀವೇ ಹೇಳಿದ್ರಲ್ಲ.’

‘ನಾನಾ? ಯಾವಾಗ?’

ಅವಳು ಒಳಗೆ ಹೋದಳು. ಪಾಪಯ್ಯ ನನ್ನ ಮುಖ ನೋಡಲಿಲ್ಲ, ಜಾಲರಿಯನ್ನು ಹಲ್ಲುಜ್ಜುವ ಹಳೇ ಬ್ರಶ್ಶಿನಲ್ಲಿ ಉಜ್ಜುತ್ತಾ, ‘ತಿಂಗ್ಳಿಗೊಂದ್ಸಲ ಇಬ್ರೂ ಸೇರಿ ತೊಳ್ಕಳಿ, ನನ್ನ ಕರೆಯೋದೇ ಬೇಡ. ಒಬ್ರು ಟ್ಯಾಂಕಿನತ್ರ ವಾಲ್ವ್ ಇಡ್ಕಬೇಕು, ಒಬ್ರು ಬಿಚ್ಬೇಕು, ಅಷ್ಟೇಯ’ ಎಂದ.

ಹಾಕಿ ನೋಡಿದಾಗ ಆರು ನಿಮಿಷ. ಸುಣ್ಣ ಇನ್ನೂ ಕಚ್ಚಿಕೊಂಡಿದೆ.

19 ಸೆಪ್ಟೆಂಬರ್, ಮತ್ತೆ

1999ರ ದಿನಚರಿಯನ್ನು ಪೆಟ್ಟಿಗೆಯಿಂದ ತೆಗೆದು ನೋಡಿದೆ. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ, ನನ್ನದೇ ಅಕ್ಷರ:

‘ಸೋಲಾರ್ ಬಂದ ಮೇಲೆ ಬಚ್ಚಲ ಒಲೆ ತೆಗೆಸಿ ಹಂಡೆಯನ್ನು ಅಟ್ಟಕ್ಕೆ ಹಾಕಿದ್ದಾಗಿದೆ. ಪಾರ್ವತಿ ಅದನ್ನೇ ಇಳಿಸಿ, ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು ಪೂಜೆ ಮಾಡುತ್ತೇನೆಂದು ಕೂತಳು. ನೀರಿಲ್ಲದ ಹಂಡೆಗೆ ಪೂಜೆ ಯಾಕೆ, ಎಲ್ಲಿ ನೀರಿದೆಯೋ ಅಲ್ಲಿ ಮಾಡು, ಟ್ಯಾಂಕಿಗೆ ಮಾಡು ಎಂದೆ. ಹೂ ಅಕ್ಷತೆ ಹಾಕಿ ಬಂದಳು. ಪಂಚಾಕ್ಷರಿ ಬಿದ್ದು ಬಿದ್ದು ನಕ್ಕ.’

ಬರೆದಿಟ್ಟದ್ದನ್ನು ಬರೆದವಳೇ ಮರೆತರೆ ಬರೆದಿಟ್ಟು ಏನು ಪ್ರಯೋಜನವೋ ತಿಳಿಯದು.

3 ಅಕ್ಟೋಬರ್, ಭಾನುವಾರ

ತಿಂಗಳ ಮೊದಲ ಭಾನುವಾರ. ‘ಜಾಲರಿ ತೊಳೆಯೋಣವಾ’ ಎಂದು ಮೆಟ್ಟಿಲ ಕೆಳಗಿನಿಂದ ಕೂಗಿದೆ. ‘ಬಂದೆ ಅಕ್ಕ’ ಎಂದಳು. ನಾನು ಲ್ಯಾಬಿನಿಂದ ತೆಳುಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲ ತಂದಿದ್ದೆ, ಪುಟ್ಟ ಸೀಸೆಯಲ್ಲಿ.

ಪಾರ್ವತಿ ಸೀಸೆ ನೋಡಿ ಹೌಹಾರಿದಳು. ‘ಅಯ್ಯೋ, ಆಸಿಡ್ ಬ್ಯಾಡಕ್ಕ, ಎಳೆ ಎಲ್ಲ ತಿಂದ್ಬುಡ್ತದೆ. ಹುಣಸೇಹಣ್ಣು ನೆನಾಕಿವ್ನಿ.’

‘ಹುಣಸೆಹಣ್ಣಿನಲ್ಲಿರುವುದೂ ಆಮ್ಲವೇ.’

‘ಇರ್ಲಿ, ಆದ್ರೆ ಅದು ಮನೇದು.’

ಒಂದು ಗಂಟೆ ಹುಣಸೆ ನೀರಿನಲ್ಲಿ ನೆನೆಸಿ, ಬ್ರಶ್ಶಿನಲ್ಲಿ ಉಜ್ಜಿದಾಗ ಸುಣ್ಣ ಬಿಟ್ಟಿತು. ಬೆಳಕಿಗೆ ಹಿಡಿದರೆ ಒಂದೊಂದು ಕಣ್ಣೂ ಕಂಡಿತು. ಆಮ್ಲದ ಸೀಸೆಯನ್ನು ಬಿಚ್ಚದೆ ವಾಪಸ್ ಒಯ್ಯುತ್ತೇನೆ.

ನೆನೆಯುವ ಹೊತ್ತಿನಲ್ಲಿ ಟ್ಯಾಂಕಿನ ನೆರಳಲ್ಲಿ ಕೂತಿದ್ದೆವು. ವರ್ಷಕ್ಕೊಮ್ಮೆ ಹಾಕಿದರೆ ಅಷ್ಟು ಅಕ್ಕಿ ಹೇಗೆ ಸೇರುತ್ತದೆ ಎಂದು ಕೇಳಿದೆ. ಹುಣಸೆ ನೀರನ್ನು ಬೆರಳಿನಿಂದ ಕಲಕುತ್ತಾ ಹೇಳಿದಳು: ‘ಅವರು ಓದ ಮ್ಯಾಲೆ ಸೋಮವಾರ ಸೋಮವಾರ ಆಕ್ತಿದ್ದೆ. ಯಾರ ಮನೇಲೂ ಅರಿಶಿನ ಕುಂಕುಮಕ್ಕೆ ಕರೆಯಲ್ಲ. ಮನೆ ಬಾಗಲಲ್ಲಿ ನಾನೇ ಪೂಜೆ ಮಾಡಿದ್ರೂ ಎದುರು ಮನೆಯೋರು ನೋಡ್ತಾರೆ. ಇಲ್ಲಿ ಯಾರೂ ನೋಡಲ್ಲ. ಗಂಗಮ್ಮ ಬ್ಯಾಡ ಅನ್ನಲ್ಲ.’

‘ಹಂಡೆ ಯಾಕೆ ಕೊಟ್ಟೆ?’ ಎಂದೆ. ಕೇಳಬೇಕೆಂದುಕೊಂಡಿರಲಿಲ್ಲ.

‘ಮಠದಲ್ಲಿ ದಿನಾ ನೀರು ಕಾಯ್ತದೆ. ಅಟ್ಟದ ಮ್ಯಾಲೆ ಒಣಗ್ಕಂಡು ಕೂತಿತ್ತು. ನೀರಿಲ್ದ ಹಂಡೆ ಯಾಕೆ ಅಂತ ನೀವೇ ಅಂದಿದ್ರಿ. ನಿಮ್ಗೆ ಸಂತೋಸ ಆಗ್ತದೆ ಅಂದ್ಕಂಡಿದ್ದೆ ಅಕ್ಕ.’

ಜಾಲರಿ ಹಾಕಿ ಅಳೆದೆವು. ಮೂರು ನಿಮಿಷ ಐವತ್ತು ಸೆಕೆಂಡ್. ಅವಳು ಮೇಲಿನ ನಲ್ಲಿಯಿಂದ ‘ಬತ್ತೈತೆ, ಬತ್ತೈತೆ’ ಎಂದು ಕೂಗುತ್ತಿದ್ದಳು. ಕೂಗುವ ಅಗತ್ಯವಿರಲಿಲ್ಲ, ನೀರಿನ ಸದ್ದು ನನಗೂ ಕೇಳುತ್ತಿತ್ತು.

21 ಅಕ್ಟೋಬರ್, ಗುರುವಾರ

ಆಯುಧಪೂಜೆ. ಕಾಲೇಜಿನಲ್ಲಿ ತಕ್ಕಡಿಗೆ, ಬ್ಯುರೆಟ್‌ಗಳಿಗೆ ಕುಂಕುಮ ಇಟ್ಟರು. ಮನೆಯಲ್ಲಿ ಪಾರ್ವತಿ ಮಿಷನ್ನಿಗೆ ಪೂಜೆ ಮಾಡಿ, ಸ್ಟಾಪ್‌ವಾಚ್ ಕೊಡಿ ಅಕ್ಕ ಎಂದು ತೆಗೆದುಕೊಂಡು ಅದಕ್ಕೂ ಒಂದು ಬೊಟ್ಟು ಇಟ್ಟಳು. ಅದು ಸರ್ಕಾರದ್ದು, ಒರೆಸಿಕೊಡಬೇಕು. ಇನ್ನೂ ಒರೆಸಿಲ್ಲ.

24 ಅಕ್ಟೋಬರ್, ಭಾನುವಾರ

ಪಾರ್ವತಿಯ ಅಣ್ಣ ಅರಕಲಗೂಡಿನಿಂದ ಬಂದಿದ್ದರು. ಒಳ್ಳೆಯ ಮನುಷ್ಯ. ‘ಒಬ್ಳೇ ಎಷ್ಟು ದಿನ ಅಂತ ಇಲ್ಲಿರ್ತಾಳೆ, ಜ್ವರ ಬಂದ್ರೆ ನೀರು ಕೊಡೋರಿಲ್ಲ. ನಮ್ಮ ಮನೆ ಮುಂದಿನ ಕೋಣೆ ಬಿಟ್ಕೊಡ್ತೀನಿ, ಹೊಲಿಗೆ ಅಂಗಡಿ ಮಾಡ್ಕಳ್ಳಿ. ನೀವೇನಂತೀರಿ ಮೇಡಂ?’ ಎಂದರು.

ಪಾರ್ವತಿ ಕಾಫಿ ಲೋಟ ಹಿಡಿದು ನನ್ನನ್ನೇ ನೋಡುತ್ತಿದ್ದಳು.

ಸಂಗತಿಗಳನ್ನು ತೂಗಿ ನೋಡಿದೆ. ಅಲ್ಲಿ ಅಣ್ಣ, ಅತ್ತಿಗೆ, ಅವರ ಮಕ್ಕಳು. ಅಂಗಡಿಗೆ ರಸ್ತೆ ಬದಿಯ ಜಾಗ. ಇಲ್ಲಿ ದಿನವಿಡೀ ಕಾಲೇಜಿನಲ್ಲಿರುವ ನಾನೊಬ್ಬಳು. ‘ಹೋಗುವುದೇ ಒಳ್ಳೆಯದು’ ಎಂದೆ. ಸರಿಯಾದ ಉತ್ತರವೇ.

‘ಆಯ್ತಕ್ಕ’ ಎಂದಳು. ಲೋಟ ತೊಳೆಯಲು ಎದ್ದು ಹೋದವಳು ಬಹಳ ಹೊತ್ತು ಬರಲಿಲ್ಲ. ಒಂದು ಲೋಟ ತೊಳೆಯಲು ಅಷ್ಟು ಹೊತ್ತು ಬೇಕಿಲ್ಲ.

1 ನವೆಂಬರ್, ಸೋಮವಾರ

ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಹೋದಳು. ಎರಡು ಬ್ಯಾಗು. ಮಿಷನ್ನನ್ನು ಹಬ್ಬ ಕಳೆದ ಮೇಲೆ ಅಣ್ಣ ಟೆಂಪೋ ತಂದು ಒಯ್ಯುತ್ತಾರಂತೆ. ಬಸ್ ನಿಲ್ದಾಣದಲ್ಲಿ, ‘ಜಾಲರಿ ತೊಳೆಯೋವಾಗ ಟ್ಯಾಂಕಿನ ವಾಲ್ವ್ ಯಾರು ಇಡ್ಕತಾರೆ?’ ಎಂದು ಕೇಳಿದಳು. ಮೊದಲೇ ತಿರುಗಿಸಿಟ್ಟು ಬಂದರಾಯಿತು, ಒಬ್ಬರೇ ಮಾಡಬಹುದು ಎಂದೆ. ಬಸ್ಸು ಹೊರಟಿತು.

ಸಂಜೆ ಬಂದಾಗ ಮೂರನೆಯ ಮೆಟ್ಟಿಲಲ್ಲಿ ಪತ್ರಿಕೆ ಇತ್ತು. ಬೆಳಿಗ್ಗೆ ನಾನೇ ಇಟ್ಟು ಹೋಗಿದ್ದೆ.

4 ನವೆಂಬರ್, ಗುರುವಾರ

ಮೂರು ನಿಮಿಷ ನಲವತ್ತೈದು.

7 ನವೆಂಬರ್, ಭಾನುವಾರ

ಜಾಲರಿ ಬಿಚ್ಚಿದೆ. ಒಬ್ಬಳೇ ಮಾಡಬಹುದು ಎಂದದ್ದು ನಿಜ, ನಾಲ್ಕು ಸಲ ಓಡಾಡಬೇಕು ಅಷ್ಟೇ. ಒಳಗೆ ಏನೂ ಇರಲಿಲ್ಲ. ಒಂದು ಕಾಳು ಇಲ್ಲ, ಎಸಳಿಲ್ಲ. ಹುಣಸೆ ನೀರು ವ್ಯರ್ಥವಾಯಿತು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ.

ಬಕೆಟ್ ತುಂಬಿದ್ದು ಮೂರು ನಿಮಿಷ ಮೂವತ್ತೈದು ಸೆಕೆಂಡಿನಲ್ಲಿ. ಆಗಸ್ಟಿನಿಂದ ಇಲ್ಲಿಯವರೆಗೆ ಇದೇ ಅತ್ಯುತ್ತಮ. ಬಕೆಟ್ ತುಂಬುವುದರೊಳಗೆ ಪತ್ರಿಕೆಯ ಒಂದು ಸುದ್ದಿಯೂ ಪೂರ್ತಿ ಓದಲಾಗುವುದಿಲ್ಲ. ಉಳಿದ ಹೊತ್ತನ್ನು ಏನು ಮಾಡಬೇಕೋ ತಿಳಿಯಲಿಲ್ಲ.

ಮೆಟ್ಟಿಲ ಮೇಲೆ ಆರು ದಿನದ ಪತ್ರಿಕೆ ಇದೆ. ತೆಗೆಯಬೇಕು.

9 ನವೆಂಬರ್, ಮಂಗಳವಾರ

ಮೇಲಿನ ಮನೆಯ ಕಿಟಕಿ ಹಾಕಿದೆಯೋ ಇಲ್ಲವೋ ನೋಡಲು ಹೋಗಿದ್ದೆ. ಹಾಕಿತ್ತು. ಮಿಷನ್ನಿನ ಮೇಲೆ ಬಟ್ಟೆ ಹೊದಿಸಿದ್ದಾಳೆ. ಪಕ್ಕದಲ್ಲಿ ಬ್ಲೌಸಿನ ಅಳತೆಗೆ ಕತ್ತರಿಸಿದ ಹಳೆಯ ಪತ್ರಿಕೆ. ತೋಳಿನ ಆಕಾರದ ಒಂದು ತುಂಡಿನಲ್ಲಿ ನಾನು ಪೆನ್ನಿನಿಂದ ಗುರುತು ಹಾಕಿದ್ದ ಸುದ್ದಿ ಅರ್ಧ ಉಳಿದಿತ್ತು. ಉಳಿದರ್ಧ ಯಾವ ಭಾಗಕ್ಕೆ ಹೋಯಿತೋ ಎಂದು ಹುಡುಕಿದೆ. ಸಿಗಲಿಲ್ಲ.

ಸ್ಟಾಪ್‌ವಾಚಿನ ಕುಂಕುಮ ತಾನಾಗಿಯೇ ಅಳಿಸಿಹೋಗುತ್ತಿದೆ.

10 ನವೆಂಬರ್, ಬುಧವಾರ

ನೀರು ತುಂಬುವ ಹಬ್ಬ. ಮಧ್ಯಾಹ್ನ ಮೂರು ಗಂಟೆಗೆ ಅರಕಲಗೂಡಿಗೆ ಫೋನ್ ಮಾಡಿದೆ. ಹಬ್ಬದ ಶುಭಾಶಯ ಹೇಳಿ ಇಡಬೇಕೆಂದಿದ್ದೆ. ಪಾರ್ವತಿಯೇ ಎತ್ತಿದಳು.

‘ಏನಕ್ಕ, ಉಷಾರಾಗಿದ್ದೀರಾ?’

‘ಚೆನ್ನಾಗಿದ್ದೇನೆ. ಬಿಸಿನೀರು ಬರುತ್ತಿಲ್ಲ.’

‘ಅಯ್ಯೋ! ಎಷ್ಟೊತ್ತು ಹಿಡೀತದೆ?’

‘ಹನ್ನೊಂದು ನಿಮಿಷ.’

ಇಪ್ಪತ್ತೇಳು ವರ್ಷ ಪಾಠ ಮಾಡಿದ್ದೇನೆ. ಅಳತೆಯನ್ನು ತಿದ್ದಿ ಹೇಳಿದ್ದು ಇದೇ ಮೊದಲು.

ಯಾರೋ ಮಕ್ಕಳು ಪಟಾಕಿ ಹೊಡೆದ ಸದ್ದು ಫೋನಿನಲ್ಲಿ ಬಂತು. ಆಮೇಲೆ ಕೇಳಿದಳು: ‘ಜಾಲರಿ ಕಟ್ಕಂಡಿರ್ಬೇಕು. ಆದ್ರೆ ಅದೆಂಗಕ್ಕ? ಹೂವು ಅಕ್ಕಿ ಆಕೋಳು ನಾನು ಇಲ್ಲೀವ್ನಲ್ಲ?’

‘ನಾನು ಹಾಕಿದೆ’ ಎಂದೆ. ಇದು ಎರಡನೆಯದು.

‘ನೀವಾ?’

‘ಹೌದು. ಸೋಮವಾರ.’

ನಾನು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಪಾರ್ವತಿ ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ, ಮೂಗು ಒರೆಸಿದ ಸದ್ದು ಮಾತ್ರ ಕೇಳಿತು. ‘ನಾಳೆ ಬೆಳಿಗ್ಗೆ ಎಣ್ಣೆ ಸ್ನಾನ, ಹನ್ನೊಂದು ನಿಮಿಷಕ್ಕೊಂದು ಬಕೀಟಂದ್ರೆ ನಿಮ್ಗೆ ಸೀತ ಆಗ್ತದೆ. ಐದು ಗಂಟೆಗೆ ಹೊಳೆನರಸೀಪುರದ ಮ್ಯಾಲೆ ಒಂದು ಬಸ್ಸೈತೆ. ಬತ್ತೀನಿ ಇರಿ. ಅಣ್ಣಂಗೆ ಟೆಂಪೋ ಬ್ಯಾಡ ಅಂತ ಯೋಳ್ತೀನಿ.’

‘ಜಾಲರಿ ತೊಳೆಯಲು ಮಾತ್ರ ತಾನೇ’ ಎಂದೆ. ಯಾಕೆ ಹಾಗೆಂದೆನೋ.

‘ಊಂ ಅಕ್ಕ, ಅದುಕ್ಕೇಯ. ತಿಂಗ್ಳು ತಿಂಗ್ಳೂ ತೊಳೀಬೇಕಲ್ಲ’ ಎಂದು ಇಟ್ಟಳು.

ಬಸ್ಸು ಏಳೂಕಾಲಿಗೆ ಇಲ್ಲಿಗೆ ಬರುತ್ತದೆ. ಪೇಟೆಗೆ ಹೋಗಿ ಎರಡು ಮಾರು ಸೇವಂತಿಗೆ ತಂದೆ. ಒಂದು ಮುಷ್ಟಿ ಅಕ್ಕಿಗೆ ಅರಿಶಿನ ಬೆರೆಸಿದೆ. ತಾರಸಿಗೆ ಹೋಗಿ ಟ್ಯಾಂಕಿನ ಮುಚ್ಚಳ ಎತ್ತಿದೆ. ನೀರು ಕಂಠದವರೆಗೆ ಇತ್ತು. ಮೊದಲು ನಾಲ್ಕು ಕಾಳು ಹಾಕಿದೆ, ಆಮೇಲೆ ಮುಷ್ಟಿ ಪೂರ್ತಿ ಬಿಚ್ಚಿದೆ. ಹೂವನ್ನು ಎಸಳು ಎಸಳಾಗಿ ಕಿತ್ತು ಹಾಕಿದೆ. ಇಡಿಯಾಗಿ ಹಾಕಿದರೆ ಜಾಲರಿಯವರೆಗೆ ಹೋಗುವುದಿಲ್ಲ.

ಇವತ್ತಿನ ಅಳತೆ, ಸಂಜೆ ನಾಲ್ಕೂವರೆಗೆ: ಮೂರು ನಿಮಿಷ ಮೂವತ್ತೆಂಟು ಸೆಕೆಂಡ್. ಫೋನಿನಲ್ಲಿ ಹೇಳಿದ್ದು: ಹನ್ನೊಂದು ನಿಮಿಷ. ಈ ವ್ಯತ್ಯಾಸವನ್ನು ತಿದ್ದಲು ನನ್ನಿಂದಾಗದು, ಇದ್ದದ್ದು ಇದ್ದಂತೆ ಬರೆದಿದ್ದೇನೆ. ಎರಡನೆಯ ಸುಳ್ಳು ಮಾತ್ರ ಈಗ ಸುಳ್ಳಲ್ಲ, ಸೋಮವಾರದ ಬದಲು ಬುಧವಾರ, ಅಷ್ಟೇ.

ಆರೂ ಐವತ್ತು. ಮೆಟ್ಟಿಲ ಮೇಲಿನ ಒಂಬತ್ತು ದಿನದ ಪತ್ರಿಕೆಯನ್ನು ತಾರೀಖಿನ ಪ್ರಕಾರ ಜೋಡಿಸಿ ಮೂರನೆಯ ಹಂತದಲ್ಲೇ ಇಟ್ಟಿದ್ದೇನೆ. ಹುಣಸೆಹಣ್ಣು ನೆನೆಹಾಕಿದ್ದೇನೆ. ಟಾರ್ಚ್ ತೆಗೆದುಕೊಂಡು ಬಸ್ ನಿಲ್ದಾಣಕ್ಕೆ ಹೊರಡುತ್ತೇನೆ.